ಹೊಸದಾಗಿ ಕನ್ನಡ ಕಲಿತವರು ಅಭಿಪ್ರಾಯ ಹೇಳಿ ಒಪ್ಪಿಸುವಂತಾಗಲು: ಕಲಿಸುವವರಿಗೆ ಹಂತ ಹಂತವಾಗಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕಚೇರಿಗಳಲ್ಲಿ ವಾರಕ್ಕೊಮ್ಮೆ ನಡೆಯುವ ಕನ್ನಡ ತರಗತಿಗಳು ಹೆಚ್ಚಾಗಿ ತರಕಾರಿ ಅಂಗಡಿಯಲ್ಲಿ ಶುರುವಾಗಿ ಆಟೋದಲ್ಲಿ ಮುಗಿಯುತ್ತವೆ. ‘ಕೆಜಿ ಎಷ್ಟು?’, ‘ಚಿಲ್ಲರೆ ಇಲ್ಲ’, ‘ಇಲ್ಲೇ ಎಡಕ್ಕೆ ತಗೊಳ್ಳಿ’ ಇಷ್ಟು ಬಂದರೆ ಕಲಿತವರಿಗೂ ಕಲಿಸಿದವರಿಗೂ ಸಮಾಧಾನ. ಅದೇ ಜನ ಸಂಜೆ ಅಸೋಸಿಯೇಷನ್ ಮೀಟಿಂಗಿಗೆ ಹೋದರೆ ಬಾಯಿ ತೆರೆಯುವುದಿಲ್ಲ. ನೀರಿನ ಟ್ಯಾಂಕರ್ ಬಗ್ಗೆ, ಪಾರ್ಕಿಂಗ್ ಬಗ್ಗೆ ಅವರಿಗೆ ಹೇಳುವುದು ಬೇಕಾದಷ್ಟು ಇರುತ್ತದೆ. ಅದನ್ನು ಕನ್ನಡದಲ್ಲಿ ಹೇಳುವ ದಾರಿಯನ್ನು ಯಾರೂ ತೋರಿಸಿರುವುದಿಲ್ಲ. ಬೆಲೆ ಕೇಳುವಷ್ಟೇ ಭಾಷೆ ಇದ್ದವರು ಈ ಊರಿಗೆ ಗಿರಾಕಿಗಳಾಗಿಯೇ ಉಳಿಯುತ್ತಾರೆ. ‘ಇದು ಸರಿಯಿಲ್ಲ, ಹೀಗೆ ಮಾಡೋಣ’ ಎನ್ನಲು ಬಂದ ದಿನ ಅವರು ಇಲ್ಲಿನವರಾಗುತ್ತಾರೆ. ಕನ್ನಡ ಕಲಿಸುವವರು ಅಲ್ಲಿಯವರೆಗೂ ಕೈ ಹಿಡಿದು ನಡೆಸಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಈ ಬರಹ ಮೊದಲ ಸಲ ಕಲಿಸಲು ಕೂತಿರುವ ನಿಮಗಾಗಿ. ನೀವು ಮೇಷ್ಟ್ರಾಗಿರಬೇಕಿಲ್ಲ. ಪಕ್ಕದ ಮನೆಯವರೋ ಸಹೋದ್ಯೋಗಿಯೋ ಆಗಿದ್ದರೆ ಸಾಕು. ಕಲಿಯುವವರಿಗೆ ‘ನಿನ್ನೆ ಹೋದೆ’, ‘ನಾಳೆ ಬರ್ತೀನಿ’, ‘ಬೇಕು’, ‘ಬೇಡ’, ‘ಇದೆ’, ‘ಇಲ್ಲ’ ಇಷ್ಟು ಬಂದಿರಲಿ. ಆರರಿಂದ ಎಂಟು ಜನರ ಗುಂಪು, ಜರುಗಿಸಲು ಬರುವ ಕುರ್ಚಿಗಳು, ಸಮಯ ನೋಡಲು ಒಂದು ಮೊಬೈಲ್ ಇದ್ದರೆ ಬೇರೇನೂ ಬೇಡ.

‘ಇಷ್ಟು ಬೇಗನಾ? ಮೊದಲು ವ್ಯಾಕರಣ ಮುಗಿಯಲಿ’ ಎಂದು ನಿಮಗನ್ನಿಸಬಹುದು. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟಿನಲ್ಲಿ ಆರು ಮಟ್ಟಗಳಿವೆ. ತನ್ನ ಅಭಿಪ್ರಾಯಕ್ಕೆ ಚುಟುಕಾಗಿ ಕಾರಣ ಕೊಡುವ ಶಕ್ತಿಯನ್ನು ಅದು ಮೂರನೆಯ ಮಟ್ಟವಾದ ‘ಬಿ1’ರಲ್ಲೇ ಇಟ್ಟಿದೆ. ಪಾಂಡಿತ್ಯ ಬಂದ ಮೇಲೆ ಮಾಡುವ ಕೆಲಸ ಅದಲ್ಲ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದ್ದನ್ನು ಮೆರಿಲ್ ಸ್ವೇನ್ ಎಂಬ ಭಾಷಾ ವಿದ್ವಾಂಸೆ ಗಮನಿಸಿದರು. ಮಕ್ಕಳು ಕೇಳಿದ್ದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು, ಆದರೆ ಅವರ ಮಾತು ಆ ಎತ್ತರಕ್ಕೆ ಬಂದಿರಲಿಲ್ಲ. ತರಗತಿಯಲ್ಲಿ ಅವರು ಉದ್ದಕ್ಕೆ, ಒತ್ತಾಯಕ್ಕೆ ಬಿದ್ದು ಮಾತಾಡುವ ಸಂದರ್ಭವೇ ಕಡಿಮೆ ಇದ್ದದ್ದು ಒಂದು ಕಾರಣ ಎಂದು ಅವರು 1985ರಲ್ಲಿ ವಾದಿಸಿದರು. ನಮ್ಮಲ್ಲಿ ‘ಕನ್ನಡ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ’ ಎಂದು ಹತ್ತು ವರ್ಷದಿಂದ ಹೇಳುತ್ತಿರುವವರನ್ನು ನೋಡಿದಾಗಲೆಲ್ಲ ಈ ಮಾತು ನೆನಪಾಗುತ್ತದೆ.

ಹಂತ 1: ವಿಷಯಕ್ಕಿಂತ ಮೊದಲು ಕೇಳುವವರನ್ನು ಹುಡುಕಿ

ಪರೀಕ್ಷೆಯ ಪ್ರಬಂಧದ ವಿಷಯಗಳನ್ನು ತರಗತಿಗೆ ತರಬೇಡಿ. ‘ಮೊಬೈಲಿನ ಸಾಧಕ ಬಾಧಕಗಳು’, ‘ಪರಿಸರ ಮಾಲಿನ್ಯ’ ಎಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಯಾರನ್ನೂ ಒಪ್ಪಿಸಬೇಕಾಗಿಲ್ಲ. ಒಪ್ಪಿಸಲು ಎದುರಿಗೆ ಒಬ್ಬರು ಬೇಕು. ಅವರು ಹೌದು ಎಂದರೆ ನಾಳೆಯಿಂದ ಏನಾದರೂ ಬದಲಾಗಬೇಕು. ಹಾಗಾಗಿ ಕಲಿಯುವ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳಿ: ನಿಮ್ಮ ದಿನದಲ್ಲಿ ಏನು ಬದಲಾಗಬೇಕು? ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ?

ಉದಾಹರಣೆಗೆ ಒಬ್ಬ ನರ್ಸ್ ಇದ್ದಾರೆ ಎಂದುಕೊಳ್ಳೋಣ. ಕೇರಳದವರು, ರಾತ್ರಿ ಹತ್ತೂವರೆಗೆ ಡ್ಯೂಟಿ ಮುಗಿಸಿ ಬಸ್ಸಿಳಿಯುತ್ತಾರೆ. ಬಸ್ ಸ್ಟಾಪ್ ಇರುವುದು ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನ ಹತ್ತಿರ. ಆ ಗೇಟಿಗೆ ಹತ್ತಕ್ಕೇ ಬೀಗ. ಕತ್ತಲ ರಸ್ತೆಯಲ್ಲಿ ಸುತ್ತಿ ಮುಂದಿನ ಗೇಟಿಗೆ ಬರಬೇಕು. ಅವರ ಅಭಿಪ್ರಾಯ: ಹಿಂದಿನ ಗೇಟು ಹನ್ನೊಂದರ ತನಕ ತೆಗೆದಿರಬೇಕು. ಒಪ್ಪಿಸಬೇಕಾದ ವ್ಯಕ್ತಿ: ಅಸೋಸಿಯೇಷನ್ ಸೆಕ್ರೆಟರಿ. ವಿಷಯ ಎಂದರೆ ಇಷ್ಟು ಚಿಕ್ಕದಿರಬೇಕು, ಇಷ್ಟು ಹತ್ತಿರದ್ದಿರಬೇಕು. ಮುಂದಿನ ಹಂತಗಳಲ್ಲೂ ಇವರನ್ನೇ ಜೊತೆಗಿಟ್ಟುಕೊಳ್ಳೋಣ.

ಗುಂಪು ಸ್ವಲ್ಪ ಪಳಗಿದ ಮೇಲೆ ದೊಡ್ಡ ವಿಷಯ ತರಬಹುದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಒಳ್ಳೆಯ ವಿಷಯ. ಉಚಿತ ಬಸ್ ಪ್ರಯಾಣ ಕರ್ನಾಟಕದ ನಿವಾಸಿ ಮಹಿಳೆಯರಿಗೆ. ಇಲ್ಲೇ ದುಡಿಯುತ್ತಿದ್ದರೂ ಇಲ್ಲಿನ ವಿಳಾಸದ ಗುರುತಿನ ಚೀಟಿ ಇಲ್ಲದವರು ಟಿಕೆಟ್ ತೆಗೆಯಬೇಕು. ‘ಅವರಿಗೂ ಸಿಗಬೇಕಾ?’ ಎಂದು ಕೇಳಿದರೆ ತರಗತಿಯಲ್ಲಿ ಎರಡು ಗುಂಪು ತಾನಾಗಿಯೇ ಆಗುತ್ತದೆ.

ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬ 2024ರ ತಿದ್ದುಪಡಿ, ಕನ್ನಡಿಗ ಮತ್ತು ಹೊರಗಿನವರು ಎಂಬ ಚರ್ಚೆ, ಇವನ್ನು ಮೊದಲ ತಿಂಗಳು ಮುಟ್ಟಬೇಡಿ. ವಿಷಯ ಕೆಟ್ಟದ್ದೆಂದಲ್ಲ. ಕನ್ನಡ ಕಲಿಸುತ್ತಿರುವ ನಿಮ್ಮೆದುರು ಅವರು ನಿಮಗೆ ಇಷ್ಟವಾಗುವುದನ್ನೇ ಹೇಳುತ್ತಾರೆ. ಅದು ಅವರ ಅಭಿಪ್ರಾಯವಾಗಿರುವುದಿಲ್ಲ, ಮರ್ಯಾದೆಯಾಗಿರುತ್ತದೆ. ಪರಸ್ಪರ ನಂಬಿಕೆ ಬಂದ ಮೇಲೆ ಆ ಚರ್ಚೆಯನ್ನು ಅವರೇ ಎತ್ತುತ್ತಾರೆ. ಆಗ ತಡೆಯಬೇಡಿ.

ಹಂತ 2: ಮೂರು ವಾಕ್ಯ ಬಾಯಿಗೆ ಕೂರಿಸಿ

ಅಭಿಪ್ರಾಯ ಹೇಳಲು ಕನ್ನಡದಲ್ಲಿ ಮೊದಲು ಬೇಕಾದದ್ದು ಮೂರೇ ವಾಕ್ಯ. ಮೊದಲನೆಯದು ಕಲಿಯುವವರಿಗೆ ಈಗಾಗಲೇ ಗೊತ್ತಿರುವ ‘ಬೇಕು’ವಿನಿಂದ ಹುಟ್ಟುತ್ತದೆ. ‘ಕಾಫಿ ಬೇಕು’ ಎಂದು ಕಲಿತವರಿಗೆ ‘ಗೇಟು ತೆಗೆದಿರ್ಬೇಕು’ ಒಂದೇ ಹೆಜ್ಜೆ ದೂರ. ಇದರ ಜೊತೆಗೇ ‘ಮಾಡ್ಬಾರ್ದು’, ‘ಮಾಡ್ಬಹುದು’ ಬರಲಿ. ಈ ಮೂರಕ್ಕೂ ಯಾರು ಮಾಡುತ್ತಾರೆ ಎಂಬುದಕ್ಕೆ ತಕ್ಕಂತೆ ರೂಪ ಬದಲಿಸುವ ಕಷ್ಟವಿಲ್ಲ. ನಾನು ಮಾಡ್ಬೇಕು, ನೀವು ಮಾಡ್ಬೇಕು, ಅವರು ಮಾಡ್ಬೇಕು, ಎಲ್ಲಕ್ಕೂ ಒಂದೇ. ಹೊಸಬರು ವಾದಕ್ಕೆ ಇಳಿಯಲು ಕನ್ನಡ ತೆರೆದಿಟ್ಟಿರುವ ಸುಲಭವಾದ ಬಾಗಿಲು ಇದು.

ಎರಡನೆಯದು ‘ಅಂತ ನಂಗನ್ಸುತ್ತೆ’. ‘ಹಿಂದಿನ ಗೇಟು ಹನ್ನೊಂದು ಗಂಟೆ ತನಕ ತೆಗೆದಿರ್ಬೇಕು ಅಂತ ನಂಗನ್ಸುತ್ತೆ.’ ಇಲ್ಲಿ ಕಲಿಯುವವರ ಮನೆಮಾತು ಯಾವುದೆಂದು ನೋಡಿಕೊಳ್ಳಿ. ತಮಿಳಿನವರು ‘-ನ್ನು’ ಎಂದೂ ತೆಲುಗಿನವರು ‘ಅನಿ’ ಎಂದೂ ಮಲಯಾಳದವರು ‘ಎನ್ನ್’ ಎಂದೂ ಇದೇ ಜಾಗದಲ್ಲಿ ಇದೇ ಕೆಲಸ ಮಾಡುತ್ತಾರೆ. ಅವರಿಗೆ ‘ನಿಮ್ಮ ಭಾಷೆಯಲ್ಲಿ ಹೇಗೆ ಹೇಳ್ತೀರೋ ಹಾಗೇ, ಅಂತ ಸೇರಿಸಿ’ ಎಂದರೆ ಮುಗಿಯಿತು. ಹಿಂದಿಯವರಿಗೆ ಮಾತ್ರ ವಾಕ್ಯ ತಿರುಗಿಸಬೇಕು. ಅವರಲ್ಲಿ ‘ನನಗೆ ಅನ್ನಿಸುತ್ತದೆ’ ಎಂಬುದು ಮೊದಲು ಬಂದು ‘ಕಿ’ ಆದ ಮೇಲೆ ವಿಷಯ ಬರುತ್ತದೆ. ಹಾಗಾಗಿ ಅವರು ‘ನಂಗನ್ಸುತ್ತೆ’ ಎಂದು ಶುರುಮಾಡಿ ಸಿಕ್ಕಿಕೊಳ್ಳುತ್ತಾರೆ. ಅವರಿಗೆ ಎರಡು ಚೀಟಿ ಕೊಡಿ. ಒಂದರಲ್ಲಿ ಅಭಿಪ್ರಾಯದ ವಾಕ್ಯ, ಇನ್ನೊಂದರಲ್ಲಿ ‘ಅಂತ ನಂಗನ್ಸುತ್ತೆ’. ಮೊದಲ ಚೀಟಿ ಓದಿ ಮುಗಿಸುವವರೆಗೆ ಎರಡನೆಯದನ್ನು ತಿರುಗಿಸುವ ಹಾಗಿಲ್ಲ. ವಿಷಯ ಮೊದಲು, ‘ನಾನು’ ಆಮೇಲೆ ಎಂಬ ಓಟ ಹೀಗೆ ನಾಲಿಗೆಗೆ ಹತ್ತುತ್ತದೆ.

ಮೂರನೆಯದು ‘ಯಾಕಂದ್ರೆ’. ‘ಯಾಕಂದ್ರೆ ಮುಂದಿನ ಗೇಟಿಗೆ ಸುತ್ತಿ ಬರೋಕೆ ಹತ್ತು ನಿಮಿಷ ಬೇಕು, ಆ ರಸ್ತೆಯಲ್ಲಿ ಲೈಟಿಲ್ಲ.’ ಕಾರಣ ಮೊದಲು ಬಂದರೆ ‘ಅದಕ್ಕೇ’: ‘ಆ ರಸ್ತೆಯಲ್ಲಿ ಲೈಟಿಲ್ಲ, ಅದಕ್ಕೇ ಗೇಟು ತೆಗೆದಿರ್ಬೇಕು.’ ‘ಇರೋದ್ರಿಂದ’, ‘ಆಗಿರೋದ್ರಿಂದ’ ಈಗಲೇ ಬೇಡ. ಅವು ಮುಂದೆ ತಾವಾಗಿ ಬರುತ್ತವೆ.

ಪುಸ್ತಕದ ‘ಅನ್ನಿಸುತ್ತದೆ’, ‘ಏಕೆಂದರೆ’ಗಳನ್ನು ಬರವಣಿಗೆಯ ಪಾಠಕ್ಕೆ ಇಟ್ಟುಕೊಳ್ಳಿ. ಹ್ಯಾರೊಲ್ಡ್ ಶಿಫ್ಮನ್ 1983ರಲ್ಲಿ ಆಡುಗನ್ನಡಕ್ಕೆಂದೇ ಪ್ರತ್ಯೇಕ ವ್ಯಾಕರಣ ಪ್ರಕಟಿಸಿದರು. ಆಡುವ ಕನ್ನಡಕ್ಕೂ ಬರೆಯುವ ಕನ್ನಡಕ್ಕೂ ಅಂತರ ಅಷ್ಟಿದೆ. ಸೆಕ್ರೆಟರಿಯೆದುರು ‘ತೆರೆದಿರತಕ್ಕದ್ದು’ ಎಂದರೆ ಅವರು ವಿಷಯ ಬಿಟ್ಟು ಮಾತಿನ ರೀತಿಯನ್ನೇ ನೋಡುತ್ತಾರೆ. ನೀವಿರುವ ಊರಿನ ಮಾತೇ ಪಾಠವಾಗಲಿ. ಹುಬ್ಬಳ್ಳಿಯಲ್ಲಿ ಕಲಿಸುತ್ತಿದ್ದರೆ ‘ಅನಸ್ತದರಿ’, ಮಂಗಳೂರಿನಲ್ಲಾದರೆ ‘ಅನ್ನಿಸ್ತದೆ’. ಬೆಂಗಳೂರಿನ ರೂಪವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಕಿಲ್ಲ.

ಅಭ್ಯಾಸಕ್ಕೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ. ಕೋಣೆಯ ಒಂದು ಗೋಡೆ ‘ಒಪ್ತೀನಿ’, ಎದುರಿನ ಗೋಡೆ ‘ಒಪ್ಪಲ್ಲ’. ನೀವೊಂದು ವಾಕ್ಯ ಹೇಳಿ: ‘ಲಿಫ್ಟಲ್ಲಿ ನಾಯಿ ಕರ್ಕೊಂಡ್ ಬರಬಾರ್ದು.’ ಅವರವರ ಅಭಿಪ್ರಾಯದಂತೆ ನಡೆದು ಹೋಗಿ ನಿಲ್ಲಲಿ. ನಿಂತ ಮೇಲೆ ಪ್ರತಿಯೊಬ್ಬರೂ ‘ಯಾಕಂದ್ರೆ’ ಎಂದು ಒಂದೇ ವಾಕ್ಯ ಹೇಳಬೇಕು. ಮಾತು ಬರುವ ಮೊದಲೇ ಕಾಲು ಒಂದು ಪಕ್ಷ ಹಿಡಿದಿರುತ್ತದೆ, ಸಂಕೋಚದವರಿಗೂ ಅದು ಆಸರೆ. ಯಾರದೋ ಕಾರಣ ಕೇಳಿ ಇನ್ನೊಬ್ಬರು ಗೋಡೆ ಬದಲಿಸಿದರೆ ಅಲ್ಲಿಗೇ ನಿಲ್ಲಿಸಿ, ‘ಯಾವ ಮಾತು ಕೇಳಿ ಬಂದ್ರಿ?’ ಎಂದು ಕೇಳಿ. ಒಪ್ಪಿಸುವುದೆಂದರೆ ಏನೆಂದು ಇಡೀ ಗುಂಪಿಗೆ ಆಗ ಕಣ್ಣಾರೆ ಕಾಣುತ್ತದೆ.

ಹಂತ 3: ಕಾರಣಕ್ಕೆ ಸಾಕ್ಷಿ ಕೇಳಿ, ‘ಅಂತೆ’ ಎಲ್ಲಿ ಎಂದು ನೋಡಿ

ಸ್ಟೀಫನ್ ಟೌಲ್ಮಿನ್ ಎಂಬ ತತ್ವಶಾಸ್ತ್ರಜ್ಞ 1958ರ ತನ್ನ ಪುಸ್ತಕದಲ್ಲಿ ದಿನನಿತ್ಯದ ವಾದವನ್ನು ಬಿಡಿಸಿ ತೋರಿಸಿದ. ನಾವು ಹೇಳುವ ತೀರ್ಮಾನ, ಅದಕ್ಕೆ ಆಧಾರವಾದ ಸಂಗತಿ, ಆ ಸಂಗತಿಯಿಂದ ಈ ತೀರ್ಮಾನಕ್ಕೆ ಬರಬಹುದು ಎನ್ನುವ ಕೊಂಡಿ, ಅದರ ಮುಖ್ಯ ಭಾಗಗಳು. ಕಲಿಯುವವರಿಗೆ ಈ ಹೆಸರುಗಳನ್ನೆಲ್ಲ ಹೇಳಬೇಡಿ. ಅವರು ಒಂದು ಕಾರಣ ಕೊಟ್ಟ ತಕ್ಷಣ ನೀವು ಎರಡು ಪ್ರಶ್ನೆ ಕೇಳಿದರೆ ಸಾಕು: ‘ನಿಮಗೆ ಹೇಗೆ ಗೊತ್ತು?’ ಮತ್ತು ‘ಅದಾದ್ರೆ ಏನು?’

‘ಹೇಗೆ ಗೊತ್ತು’ ಎಂಬಲ್ಲಿ ಕನ್ನಡ ಒಂದು ಪ್ರಾಮಾಣಿಕತೆಯನ್ನು ಕೇಳುತ್ತದೆ. ನೋಡಿದ್ದನ್ನು ಹೇಳುವಾಗ ಕ್ರಿಯಾಪದ ಹಾಗೇ ನಿಲ್ಲುತ್ತದೆ, ಕೇಳಿದ್ದನ್ನು ಹೇಳುವಾಗ ಅದರ ಕೊನೆಗೆ ‘ಅಂತೆ’ ಸೇರಿಸಬಹುದು. ‘ಆ ರಸ್ತೆಯಲ್ಲಿ ಯಾರದ್ದೋ ಚೈನ್ ಕಿತ್ಕೊಂಡ್ರಂತೆ’ ಎಂದರೆ ಅದು ಬಾಯಿಂದ ಬಾಯಿಗೆ ಬಂದ ಸುದ್ದಿ. ‘ಹೋದ ವಾರ ಆ ರಸ್ತೆಯಲ್ಲಿ ಎರಡು ನಾಯಿ ನನ್ನ ಹಿಂದೆ ಓಡಿಬಂದ್ವು’ ಎಂದರೆ ಹೇಳುವವರೇ ಸಾಕ್ಷಿ. ಒಂದು ‘ಅಂತೆ’ ಬಿಟ್ಟುಹೋದರೆ ಕೇಳಿದ ಸುದ್ದಿ ಕಂಡ ಸತ್ಯವಾಗಿಬಿಡುತ್ತದೆ. ಆಮೇಲೆ ‘ನೀವೇ ನೋಡಿದ್ರಾ?’ ಎಂದು ಯಾರಾದರೂ ಕೇಳಿದರೆ ಪಾಪ, ಹೇಳಿದವರ ಇಡೀ ವಾದ ಕುಸಿಯುತ್ತದೆ. ತಮಿಳಿನವರಿಗೆ ‘-ಆಮ್’, ತೆಲುಗಿನವರಿಗೆ ‘-ಅಟ’ ಇರುವುದರಿಂದ ಇದು ಬೇಗ ಹೊಳೆಯುತ್ತದೆ. ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರಿಗೆ ನಿಧಾನವಾಗಿ ಕಲಿಸಬೇಕು.

ಒಂದು ಅಭ್ಯಾಸ ಹೀಗೆ ಮಾಡಿ. ಎಲ್ಲರೂ ತಮ್ಮ ಬಡಾವಣೆಯ ಬಗ್ಗೆ ಮೂರು ಸಂಗತಿ ಹೇಳಬೇಕು, ಅದರಲ್ಲಿ ಒಂದಾದರೂ ಕೇಳಿದ ಸುದ್ದಿಯಾಗಿರಬೇಕು. ಉಳಿದವರು ಕಣ್ಣುಮುಚ್ಚಿ ಕೂತು ‘ಅಂತೆ’ ಬಂದಾಗ ಕೈಯೆತ್ತಬೇಕು. ಆಮೇಲೆ, ಸೆಕ್ರೆಟರಿ ಮುಂದೆ ಯಾವುದನ್ನು ಹೇಳಿದರೆ ತೂಕ ಜಾಸ್ತಿ ಎಂದು ಚರ್ಚಿಸಿ. ‘ಅಂತೆ’ ಇರುವ ಮಾತೆಲ್ಲ ಬೇಡವೆಂದಲ್ಲ. ವಾಚ್‌ಮನ್ ಹೇಳಿದ್ದಾದರೆ ‘ವಾಚ್‌ಮನ್ ಹೇಳಿದ್ರು’ ಎಂದು ಹೆಸರಿಸಿ ಹೇಳಿದಾಗ ಅದಕ್ಕೂ ಬಲ ಬರುತ್ತದೆ.

‘ಅದಾದ್ರೆ ಏನು’ ಎಂಬ ಪ್ರಶ್ನೆ ‘-ರೆ’ಯನ್ನು ತರುತ್ತದೆ. ‘ಗೇಟು ತೆಗೆದಿದ್ರೆ ನಾನು ಎರಡು ನಿಮಿಷದಲ್ಲಿ ಮನೆ ಸೇರ್ತೀನಿ.’ ‘ಹೀಗೇ ಬಿಟ್ರೆ ಯಾರಿಗಾದ್ರೂ ತೊಂದ್ರೆ ಆಗುತ್ತೆ.’ ಮಾಡಿದರೆ ಏನು ಒಳ್ಳೆಯದು, ಮಾಡದಿದ್ದರೆ ಏನು ಕೆಟ್ಟದ್ದು, ಒಂದೊಂದು ವಾಕ್ಯ ಬರಲಿ.

ಹಂತ 4: ಒಪ್ಪದಿರುವುದನ್ನು ಮರ್ಯಾದೆಯಿಂದ ಹೇಳಿಸಿ

ಹೊಸದಾಗಿ ಕಲಿತವರ ವಾದ ಮುರಿಯುವುದು ಇಲ್ಲೇ. ಸೆಕ್ರೆಟರಿ ಹೇಳುತ್ತಾರೆ: ‘ರಾತ್ರಿ ಒಬ್ಬರೇ ವಾಚ್‌ಮನ್ ಇರೋದು, ಎರಡು ಗೇಟು ಹೇಗೆ ನೋಡ್ಕೊಳ್ತಾರೆ?’ ಕಲಿಯುವವರಿಗೆ ಆಗ ಹೊಳೆಯುವುದು ‘ಇಲ್ಲ’ ಎಂಬ ಒಂದೇ ಶಬ್ದ. ‘ಇಲ್ಲ, ನೀವು ತಪ್ಪು’ ಎಂದುಬಿಡುತ್ತಾರೆ. ಜಗಳವಾಡುವ ಮನಸ್ಸು ಅವರಿಗಿರುವುದಿಲ್ಲ, ಬೇರೆ ಮಾತು ಗೊತ್ತಿಲ್ಲ ಅಷ್ಟೇ.

ಮೊದಲು ‘ಇಲ್ಲ’ ಮತ್ತು ‘ಅಲ್ಲ’ ಬೇರೆ ಮಾಡಿಸಿ. ‘ವಾಚ್‌ಮನ್ ಇಲ್ಲ’, ಆದರೆ ‘ಸಮಸ್ಯೆ ಅದಲ್ಲ’. ‘ಹಾಗಲ್ಲ ಸರ್’ ಎಂಬುದು ಎದುರಿನವರನ್ನು ನೋಯಿಸದೆ ಮಾತು ತಿರುಗಿಸುವ ಮೆತ್ತನೆಯ ದಾರಿ. ಆಮೇಲೆ ಒಪ್ಪುವ ಭಾಗವನ್ನು ಮೊದಲು ಹೇಳಿಸಿ: ‘ನೀವ್ ಹೇಳೋದು ನಿಜ, ಒಬ್ಬರೇ ಇರೋದು. ಆದ್ರೆ ಹತ್ತರಿಂದ ಹನ್ನೊಂದರ ತನಕ ಮಾತ್ರ ಹಿಂದಿನ ಗೇಟಲ್ಲಿ ಕೂರಬಹುದಲ್ವಾ?’ ಎದುರಿನವರ ಮಾತನ್ನು ಅವರದೇ ಪದಗಳಲ್ಲಿ ಒಮ್ಮೆ ತಿರುಗಿ ಹೇಳಿ, ಆಮೇಲೆ ‘ಆದ್ರೆ’. ಈ ಕ್ರಮ ಬದಲಾಗಬಾರದು. ಇದಾದ ನಂತರ ‘-ರೂ’ ಬರಲಿ: ‘ಒಂದು ಗಂಟೆ ಜಾಸ್ತಿ ಆದ್ರೂ ಖರ್ಚು ಹೆಚ್ಚಾಗಲ್ಲ.’

ಎದುರಾಳಿಯ ಮಾತನ್ನೇ ಎತ್ತಿಕೊಂಡು ತಿರುಗಿಸುವ ವಿದ್ಯೆಯನ್ನು ಕನ್ನಡದಲ್ಲಿ ಅದರ ತುದಿಯಲ್ಲಿ ನೋಡಬೇಕೆಂದರೆ ಕರಾವಳಿಯ ತಾಳಮದ್ದಳೆ ಕೇಳಬೇಕು. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಅರ್ಥಧಾರಿಗಳು ಪಾತ್ರವಾಗಿ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯ ಧ್ವನಿಮುದ್ರಣ ಸಿಕ್ಕರೆ ಐದು ನಿಮಿಷ ಕೇಳಿಸಿ. ಭಾಷೆ ಗ್ರಾಂಥಿಕ, ಹೊಸಬರಿಗೆ ಅರ್ಥವಾಗದು, ಆಗಬೇಕಾಗಿಯೂ ಇಲ್ಲ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಹೇಗೆ ಕಾಯುತ್ತಾರೆ, ಎಲ್ಲಿ ದನಿ ಇಳಿಸುತ್ತಾರೆ, ಎಲ್ಲಿ ಪ್ರಶ್ನೆ ಹಾಕಿ ಸುಮ್ಮನಾಗುತ್ತಾರೆ ಎಂಬುದನ್ನು ಗಮನಿಸಲಿ. ನಮ್ಮ ನೆಲದಲ್ಲಿ ವಾದವೇ ಒಂದು ರಾತ್ರಿಯ ಕಲೆಯಾಗಿದೆ ಎಂದು ಅವರಿಗೂ ತಿಳಿಯಬೇಕು.

ಮರ್ಯಾದೆಯ ರೂಪದಲ್ಲಿ ರಾಜಿ ಬೇಡ. ವಾದದ ಬಿಸಿಯಲ್ಲಿ ‘ನೀನು ಹೇಳು’ ಎಂಬುದು ಬಂದುಬಿಟ್ಟರೆ ಎಷ್ಟೇ ಒಳ್ಳೆಯ ಕಾರಣವಿದ್ದರೂ ಕೇಳುವವರ ಮುಖ ಗಂಟಾಗುತ್ತದೆ. ಸೆಕ್ರೆಟರಿಗೆ ‘ಸರ್’ ಅಥವಾ ‘ಮೇಡಂ’, ವಾಚ್‌ಮನ್ ದೊಡ್ಡವರಾದರೆ ‘ಅಣ್ಣ’, ಮನೆಗೆಲಸದವರಿಗೆ ‘ಅಕ್ಕ’, ಮೇಲಿನ ಮನೆಯ ಹಿರಿಯರಿಗೆ ‘ಆಂಟಿ’, ‘ಅಂಕಲ್’. ಎಲ್ಲರಿಗೂ ‘ನೀವು’, ಎಲ್ಲ ಕ್ರಿಯಾಪದಕ್ಕೂ ಅದಕ್ಕೆ ತಕ್ಕ ‘ಹೇಳಿ’, ‘ನೋಡಿ’, ‘ಬನ್ನಿ’. ‘ರೀ’ ಎಂಬುದು ಬೆಂಗಳೂರಿನಲ್ಲಿ ಸಲುಗೆಯನ್ನೂ ಸಿಟ್ಟನ್ನೂ ಹೇಳಬಲ್ಲದು. ಅದರ ಏರಿಳಿತ ಕಿವಿಗೆ ಬೀಳುವವರೆಗೆ ಹೊಸಬರು ಅದನ್ನು ಬಳಸದಿರುವುದೇ ಕ್ಷೇಮ.

ಹಂತ 5: ಕೇಳುವವರನ್ನೂ ಒಳಗೆ ಸೇರಿಸಿಕೊಳ್ಳಲಿ

ಕನ್ನಡದಲ್ಲಿ ಒಪ್ಪಿಸುವ ಮಾತು ಬಹುಪಾಲು ‘-ಓಣ’ದಲ್ಲಿ ಮುಗಿಯುತ್ತದೆ. ‘ಒಂದು ತಿಂಗಳು ನೋಡೋಣ’, ‘ಹೀಗ್ ಮಾಡೋಣ್ವಾ?’ ಎಂದಾಗ ಕೇಳುವವರೂ ಕೆಲಸದಲ್ಲಿ ಪಾಲುದಾರರು. ತಮಿಳು, ತೆಲುಗು, ಮಲಯಾಳಗಳಲ್ಲಿ ಕೇಳುವವರನ್ನು ಸೇರಿಸಿದ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’ ಇರುವುದರಿಂದ ‘ನಾವೆಲ್ಲ’, ‘ನಾವು ನೀವು ಸೇರಿ’ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ‘ಅಲ್ವಾ’, ‘ನೀವೇ ಹೇಳಿ’ ಎಂಬ ಎರಡು ಬಾಲಗಳನ್ನೂ ಕಲಿಸಿ. ಆದರೆ ಪ್ರತಿ ವಾಕ್ಯಕ್ಕೂ ‘ಅಲ್ವಾ’ ಸೇರಿಸುವ ಚಟ ಬೀಳದಂತೆ ನೋಡಿಕೊಳ್ಳಿ.

ಹಂತ 6: ಒಂದೇ ಮಾತು, ಮೂರು ಕಿವಿ, ಇಳಿಯುವ ಸಮಯ

ಈಗ ಎಲ್ಲವನ್ನೂ ಜೋಡಿಸಿ ಆಡುವ ಅಭ್ಯಾಸ. 1983ರಲ್ಲಿ ಕೀತ್ ಮಾರಿಸ್ ವಿವರಿಸಿದ, ಮುಂದೆ ನ್ಯೂಜಿಲೆಂಡಿನ ಪಾಲ್ ನೇಷನ್ ಬರಹಗಳಿಂದ ಭಾಷಾ ಶಿಕ್ಷಕರಿಗೆ ಪರಿಚಿತವಾದ ಒಂದು ವಿಧಾನವಿದೆ. ಒಂದೇ ವಿಷಯವನ್ನು ಮೊದಲು ಒಬ್ಬರಿಗೆ ನಾಲ್ಕು ನಿಮಿಷ, ಆಮೇಲೆ ಇನ್ನೊಬ್ಬರಿಗೆ ಮೂರು, ಕೊನೆಗೆ ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಬೇಕು. ಕೇಳುವವರು ಬದಲಾಗುವುದರಿಂದ ಮಾತು ಹಳಸುವುದಿಲ್ಲ. ಸಮಯ ಕಡಿಮೆಯಾಗುವುದರಿಂದ ತಡವರಿಕೆ ಕರಗುತ್ತದೆ. ಹೊಸಬರಿಗೆ ನಾಲ್ಕು ನಿಮಿಷ ಬೆಟ್ಟದಂತೆ ಕಾಣುತ್ತದೆ, ಹಾಗಾಗಿ ನಾನು ಮೂರು, ಎರಡು, ಒಂದು ಎಂದು ಇಳಿಸಿಕೊಂಡಿದ್ದೇನೆ.

ಶುರುವಿಗೆ ಮುನ್ನ ಯೋಚಿಸಲು ಎರಡು ನಿಮಿಷ ಕೊಡಿ. ಯೋಚನೆ ಅವರ ಮನೆಮಾತಿನಲ್ಲೇ ನಡೆಯಲಿ, ಅದಕ್ಕೆ ಅಡ್ಡಿ ಬೇಡ. ಚೀಟಿಯ ಮೇಲೆ ನಾಲ್ಕು ಪದ ಮಾತ್ರ ಬರೆದುಕೊಳ್ಳಬಹುದು, ವಾಕ್ಯ ಬರೆಯುವ ಹಾಗಿಲ್ಲ. ನಮ್ಮ ನರ್ಸ್ ‘ಗೇಟು, ಲೈಟು, ನಾಯಿ, ತಿಂಗಳು’ ಎಂದು ಬರೆದುಕೊಂಡರೆ ಇಡೀ ವಾದ ಅದರಲ್ಲಿದೆ. ವಾಕ್ಯ ಬರೆದುಕೊಂಡವರು ಓದುತ್ತಾರೆ, ಎದುರಿನವರ ಮುಖ ನೋಡುವುದಿಲ್ಲ.

ಕುರ್ಚಿಗಳನ್ನು ಎದುರುಬದುರು ಎರಡು ಸಾಲು ಹಾಕಿ. ಒಂದು ಸಾಲಿನವರು ಹೇಳುವವರು, ಇನ್ನೊಂದು ಸಾಲಿನವರು ಸೆಕ್ರೆಟರಿ. ಸಮಯ ಮುಗಿದಾಗ ಹೇಳುವವರು ಒಂದು ಕುರ್ಚಿ ಜರುಗುತ್ತಾರೆ. ಕೇಳುವವರಿಗೂ ಕೆಲಸ ಕೊಡಿ. ಮೊದಲ ಸುತ್ತಿನಲ್ಲಿ ಬರೀ ಕೇಳಬೇಕು. ಎರಡನೆಯ ಸುತ್ತಿನಲ್ಲಿ ‘ಯಾಕೆ?’ ಎಂದು ಒಂದು ಸಲ ಕೇಳಬೇಕು. ಮೂರನೆಯದರಲ್ಲಿ ‘ಆಗಲ್ಲ’ ಎನ್ನಬೇಕು, ಕಾರಣವನ್ನೂ ಕೊಡಬೇಕು. ಕೊನೆಯ ಒಂದು ನಿಮಿಷದಲ್ಲಿ ಆ ‘ಆಗಲ್ಲ’ಕ್ಕೂ ಉತ್ತರ ಬರಬೇಕಾದಾಗ ಯಾವ ಮಾತು ಬಿಡಬೇಕು, ಯಾವುದು ಉಳಿಯಬೇಕು ಎಂದು ಅವರೇ ಆರಿಸುತ್ತಾರೆ. ಆಮೇಲೆ ಸಾಲು ಅದಲುಬದಲು.

ಹಂತ 7: ತಿದ್ದುವ ಮುಂಚೆ ಕಾಯಿರಿ

ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಅಮೆರಿಕದ ವಿಜ್ಞಾನ ತರಗತಿಗಳನ್ನು ನೋಡಿ ಮೇರಿ ಬಡ್ ರೋ 1970ರ ದಶಕದಲ್ಲಿ ಬರೆದರು. ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಮಾತಾಡಿದರು. ತಮ್ಮದೇ ಭಾಷೆಯಲ್ಲಿ ಉತ್ತರಿಸುವ ಮಕ್ಕಳಿಗೇ ಮೂರು ಸೆಕೆಂಡು ಬೇಕಾದರೆ ಹೊಸ ಭಾಷೆಯಲ್ಲಿ ಅಭಿಪ್ರಾಯ ಕಟ್ಟುತ್ತಿರುವವರಿಗೆ ಇನ್ನೂ ಹೆಚ್ಚು ಬೇಕು. ಅವರು ಪದ ಹುಡುಕುತ್ತಿರುವಾಗ ನೀವು ವಾಕ್ಯ ಮುಗಿಸಿಕೊಡಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಮಾತು ನಡೆಯುತ್ತಿರುವಾಗ ತಿದ್ದುವುದು ಎರಡೇ ಸಂದರ್ಭಕ್ಕೆ ಇರಲಿ: ಅರ್ಥ ಉಲ್ಟಾ ಆದಾಗ, ಮರ್ಯಾದೆ ತಪ್ಪಿದಾಗ. ‘ಬಂದ್ವು’ ಬದಲು ‘ಬಂತು’ ಎಂದರೆ ಬಿಟ್ಟುಬಿಡಿ. ಉಳಿದದ್ದನ್ನು ಬರೆದಿಟ್ಟುಕೊಂಡು ಸುತ್ತು ಮುಗಿದ ಮೇಲೆ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಹಾಕಿ.

ತಿದ್ದುವ ರೀತಿಯಲ್ಲೂ ಒಂದು ಎಚ್ಚರ ಬೇಕು. ಕಲಿಯುವವರು ತಪ್ಪಾಗಿ ಹೇಳಿದ್ದನ್ನು ನಾವು ಸರಿಯಾಗಿ ತಿರುಗಿ ಹೇಳಿ ಮುಂದೆ ಹೋಗುವುದು ಎಲ್ಲ ಶಿಕ್ಷಕರ ಅಭ್ಯಾಸ. ರಾಯ್ ಲೈಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ಕೆನಡಾದ ಫ್ರೆಂಚ್ ತರಗತಿಗಳ ಬಗ್ಗೆ ಬರೆದಾಗ ಕಂಡದ್ದೂ ಅದೇ. ಶಿಕ್ಷಕರು ಅತಿ ಹೆಚ್ಚು ಬಳಸಿದ ದಾರಿ ಅದು, ಮಕ್ಕಳು ಅತಿ ಕಡಿಮೆ ಪ್ರತಿಕ್ರಿಯಿಸಿದ್ದೂ ಅದಕ್ಕೇ. ನೀವು ಹಾಗೆ ಮಾಡುವ ಬದಲು ‘ಗೇಟು ತೆಗೆದಿರ್…?’ ಎಂದು ಅರ್ಧಕ್ಕೆ ನಿಲ್ಲಿಸಿ. ಉಳಿದದ್ದು ಅವರ ಬಾಯಿಂದ ಬರಲಿ.

ಇನ್ನೊಂದು ಮಾತು. ಅವರ ಅಭಿಪ್ರಾಯವನ್ನು ತಿದ್ದಬೇಡಿ. ಗೇಟು ಹತ್ತಕ್ಕೇ ಮುಚ್ಚುವುದು ಸರಿ ಎಂದು ನಿಮಗೆ ಅನ್ನಿಸಿದರೂ ನೀವಲ್ಲಿ ಭಾಷೆಗೆ ಸಹಾಯ ಮಾಡಲು ಕೂತಿದ್ದೀರಿ. ನಿಮ್ಮ ಭಿನ್ನಾಭಿಪ್ರಾಯವನ್ನು ಸೆಕ್ರೆಟರಿಯ ಕುರ್ಚಿಯಲ್ಲಿ ಕೂತು ಹೇಳಿ, ಗುರುವಿನ ಕುರ್ಚಿಯಲ್ಲಿ ಕೂತು ಬೇಡ.

ಹಂತ 8: ಬಾಗಿಲಾಚೆ ಕಳಿಸಿ

ತರಗತಿಯೊಳಗೆ ಮುಗಿಸಿದರೆ ಇಷ್ಟು ಮಾಡಿದ್ದು ನಾಟಕವಾಗಿ ಉಳಿಯುತ್ತದೆ. ಮುಂದಿನ ಭೇಟಿಗೆ ಮೊದಲು ಪ್ರತಿಯೊಬ್ಬರೂ ತಮ್ಮ ಮಾತನ್ನು ನಿಜವಾದ ಆ ವ್ಯಕ್ತಿಗೆ ಹೇಳಿಬರಬೇಕು. ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕೆಂದಿಲ್ಲ, ಕಾರಿಡಾರಿನಲ್ಲಿ ಎರಡು ನಿಮಿಷ ಸಿಕ್ಕರೂ ಸಾಕು.

ಇಲ್ಲಿ ಅವರಿಗೆ ಎದುರಾಗುವ ದೊಡ್ಡ ತೊಡಕು ಕನ್ನಡಿಗರಾದ ನಾವೇ. ಎದುರಿನವರು ಒಂದು ಕ್ಷಣ ತಡವರಿಸಿದರೆ ನಾವು ಇಂಗ್ಲಿಷಿಗೋ ಹಿಂದಿಗೋ ಜಿಗಿಯುತ್ತೇವೆ. ಅದು ನಮ್ಮ ಸೌಜನ್ಯ, ನಿಜ. ಕಲಿಯುವವರ ವಾದ ಮಾತ್ರ ಅಲ್ಲಿಗೇ ನಿಂತುಹೋಗುತ್ತದೆ. ಆದ್ದರಿಂದ ಹೊರಡುವ ಮೊದಲು ಒಂದು ವಾಕ್ಯವನ್ನು ಎಲ್ಲರ ಬಾಯಿಗೂ ಹಾಕಿ ಕಳಿಸಿ: ‘ಕನ್ನಡದಲ್ಲೇ ಹೇಳ್ತೀನಿ ಸರ್, ಸ್ವಲ್ಪ ನಿಧಾನ ಆಗುತ್ತೆ, ಕೇಳಿ.’ ಸಾಧ್ಯವಾದರೆ ನೀವೂ ಮುಂಚೆಯೇ ಸೆಕ್ರೆಟರಿಯ ಕಿವಿಯಲ್ಲಿ ಹಾಕಿಡಿ: ಅವರು ಕನ್ನಡದಲ್ಲಿ ಮಾತಾಡಲು ಬರುತ್ತಾರೆ, ದಯವಿಟ್ಟು ಕನ್ನಡದಲ್ಲೇ ಉತ್ತರಿಸಿ, ಒಪ್ಪಲೇಬೇಕೆಂದಿಲ್ಲ.

ಮುಂದಿನ ತರಗತಿ ವರದಿಯಿಂದ ಶುರುವಾಗಲಿ. ಅವರೇನಂದರು ಎಂದು ಹೇಳುವಾಗ ಹಳೆಯ ‘ಅಂತ’ ಹೊಸ ಕೆಲಸಕ್ಕೆ ಬರುತ್ತದೆ: ‘ಆಗಲ್ಲ ಅಂದ್ರು. ಯಾಕೆ ಅಂತ ಕೇಳ್ದೆ. ಬೇರೆ ಮನೆಯವರು ಒಪ್ಪಬೇಕು ಅಂದ್ರು.’ ಒಪ್ಪಿದರೋ ಇಲ್ಲವೋ ಎಂಬುದಕ್ಕೆ ಅಂಕ ಕೊಡಬೇಡಿ. ಕೇಳಿದವರು ತಿರುಗಿ ಒಂದು ಪ್ರಶ್ನೆ ಹಾಕಿದರೆ ಮಾತು ಮುಟ್ಟಿದೆ ಎಂದೇ ಅರ್ಥ. ‘ಆಗಲ್ಲ’ ಎಂಬ ಉತ್ತರ ತಂದವರಿಗೆ ಇಡೀ ಗುಂಪು ಸೇರಿ ಮುಂದಿನ ಮಾತು ಹುಡುಕಿಕೊಡಲಿ. ಬೇರೆ ಮನೆಯವರು ಒಪ್ಪಬೇಕೆಂದರೆ, ರಾತ್ರಿ ತಡವಾಗಿ ಬರುವವರು ಇನ್ನು ಯಾವ ಮನೆಗಳಲ್ಲಿದ್ದಾರೆ ಎಂದು ಪಟ್ಟಿ ಮಾಡಿ, ಅವರಲ್ಲಿ ಕನ್ನಡ ಮಾತಾಡುವ ಒಬ್ಬರ ಬಾಗಿಲು ತಟ್ಟಲು ನಮ್ಮ ನರ್ಸನ್ನು ಈ ವಾರ ಕಳಿಸಿ.